ಮೆಣಸುಕಾಳಿನಷ್ಟು ಉಕ್ಕು

ಸೀಮೆಎಣ್ಣೆಯ ವಾಸನೆ ಮೆಟ್ಟಿಲು ಹತ್ತಿ ಅಡುಗೆಮನೆಗೆ ಬಂತು, ಅದರ ಬೆನ್ನಿಗೇ ಹಳೆ ಗ್ರೀಸಿನದು, ಈರುಳ್ಳಿ ಹೆಚ್ಚುತ್ತಿದ್ದ ವೆಲ್ಡಾಳ ಕೈ ತಾನಾಗಿ ನಿಂತಿತು, ಇದೇ ವಾಸನೆಯಲ್ಲವೇ ಅವತ್ತು ಕುಣಿತದ ರಾತ್ರಿ ಆರಿನ್‌ನ ಕೊರಳುಪಟ್ಟಿಯಿಂದ ಬಂದದ್ದು, ಹುಡುಗಿಯರೆಲ್ಲ ಮೂಗು ಮುಚ್ಚಿಕೊಂಡು ನಕ್ಕಿದ್ದರು, ಗೋಧಿ ಕಣಜದಲ್ಲಿ ಯಂತ್ರ ರಿಪೇರಿ ಮಾಡೋನು ಕಣೇ, ಎಷ್ಟು ಸೋಪು ತಿಕ್ಕಿದ್ರೂ ಹೋಗಲ್ಲ ಅದು — ಹೋಗಲೇ ಇಲ್ಲ, ನಲವತ್ತಾರು ವರ್ಷ, ದಿಂಬಿನಲ್ಲಿ, ಕೋಟಿನಲ್ಲಿ, ಮಗಳು ಮಾರ್ಲಿಸಳ ತೊಟ್ಟಿಲ ಬಟ್ಟೆಯಲ್ಲಿ ಕೂಡ, ಈಗ ಅವನಿಗೆ ಎಪ್ಪತ್ತೊಂದು, ಕೈ ನಡುಗುವ ಕಾಯಿಲೆ ಬಂದು ಮೂರು ವರ್ಷ, ಕೆಳಗೆ ನೆಲಮಾಳಿಗೆಯಲ್ಲಿ ಖಾಲಿ ತೋಟಾಗಳಿಗೆ ಮತ್ತೆ ಮದ್ದು, ಗುಂಡು ತುಂಬುವ ಪ್ರೆಸ್ಸನ್ನು ಬಿಚ್ಚಿ ಹರಡಿಕೊಂಡು ಕೂತಿದ್ದಾನೆ. ಪ್ರತಿ ಅಕ್ಟೋಬರಿನಲ್ಲೂ ಹೀಗೆಯೇ, ಬೆಟ್ಟದ ನೆತ್ತಿಯ ಮೇಲೆ ಮೊದಲ ಹಿಮ ಬಿದ್ದ ವಾರ, ಬೇಟೆ ಶುರುವಾಗುವ ಮುಂಚೆ, ಎರಕದ ಕಬ್ಬಿಣದ ಆ ಮೊಂಡು ಯಂತ್ರಕ್ಕೆ ಅಭ್ಯಂಜನ, ತೋಟಾದ ತಳದ ಕೇಪು ಸಿಡಿದು ಕೂತ ಕರಿಯನ್ನೆಲ್ಲ ಒರೆಸಿ, ಹಿತ್ತಾಳೆಯ ಚೂರುಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು, ತಲೆಯ ಮೇಲಿನ ಗಾಲಿಯನ್ನು ಎತ್ತಿ ಅದರ ಅಡಿಗೆ ಗ್ರೀಸು ಸವರಿ — ಆ ಗಾಲಿಯಲ್ಲಿ ಆರು ತೂತು, ಆರು ಅಚ್ಚು, ಹಿಡಿಕೆ ಎಳೆದರೆ ಖಾಲಿ ಹಿತ್ತಾಳೆ ಚಿಪ್ಪು ಮೇಲೇರಿ ಒಂದು ಅಚ್ಚಿನೊಳಗೆ ನೆಟ್ಟಗಾಗುತ್ತದೆ, ಗಾಲಿ ತಿರುಗಿಸಿದರೆ ಇನ್ನೊಂದರ ಕೆಳಗೆ ಮದ್ದು ತುಂಬುತ್ತದೆ, ಇನ್ನೊಮ್ಮೆ ತಿರುಗಿಸಿದರೆ ಗುಂಡು ಕೂರುತ್ತದೆ, ತಿರುಗಿದಾಗಲೆಲ್ಲ ಟಿಕ್, ಟಿಕ್, ಅಕ್ಟೋಬರಿನ ಮಧ್ಯಾಹ್ನಗಳಿಗೆ ಬೇರೆ ಗಡಿಯಾರವೇ ಇರಲಿಲ್ಲ ಈ ಮನೆಯಲ್ಲಿ, ಅವಳು ಮೇಲೆ ಹಿಟ್ಟು ನಾದುತ್ತ, ಅರೆ ನಿದ್ದೆಯಲ್ಲಿದ್ದಂತೆ, ಆ ಟಿಕ್ಕಿಗೆ ಸರಿಯಾಗಿ ನಾದುತ್ತ, ಅವನು ಅಲ್ಲಿದ್ದಾನೆ ನಾನು ಇಲ್ಲಿದ್ದೇನೆ, ಅಷ್ಟೇ, ಇನ್ನೇನೂ ಬೇಕಿರಲಿಲ್ಲ. ಮೂರು ದಿನದಿಂದ ಟಿಕ್ ಇಲ್ಲ. ಇಲ್ಲದ ಹಾಗೆ ಮಾಡಿದವಳು ಅವಳೇ.

ಕೈ ತೊಳೆದುಕೊಂಡಳು, ಈರುಳ್ಳಿಯೋ ಇನ್ನೇನೋ ಕಣ್ಣು ಉರಿಯುತ್ತಿದೆ, ಬೆಳಕು ಕಿಟಕಿಯಲ್ಲಿ ಜೇನಿನಂತೆ ಗಟ್ಟಿಯಾಗಿ ನಿಂತಿದೆ, ಅಂಗಳದಲ್ಲಿ ಎರಡು ಜಿಂಕೆ, ಸೇಬಿನ ಗಿಡದ ಕೆಳಗೆ, ತಮ್ಮಪ್ಪನ ಮನೆಯೋ ಎಂಬಂತೆ, ಇವಕ್ಕೆ ಯಾರು ಹೇಳಿದರು ಬೇಟೆಗೆ ಇನ್ನೂ ಎರಡು ವಾರ ಇದೆ ಎಂದು. ಮೊನ್ನೆ ಸೆಪ್ಟೆಂಬರಿನಲ್ಲೂ ಇಂಥದೇ ಬೆಳಕು, ಆಲೂಗಡ್ಡೆ ತರಲೆಂದು ಕೆಳಗಿಳಿದಿದ್ದಳು, ಆರಿನ್ ಮೇಲೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದ, ಮೇಜಿನ ಮೇಲೆ ಅವನು ಈ ಸಲ ಮೊದಲೇ ತುಂಬಿಟ್ಟ ಪೆಟ್ಟಿಗೆ, ಅದರೊಳಗೆ ಇಪ್ಪತ್ತು ತೋಟಾ, ಮುಚ್ಚಳದ ಮೇಲೆ ಬೇಟೆಗೆ ಹೋಗುವ ಮಗಳ ಹೆಸರು, ಅಕ್ಷರಗಳೆಲ್ಲ ಗಾಳಿಗೆ ಸಿಕ್ಕ ಹುಲ್ಲಿನ ಹಾಗೆ, ಒಂದನ್ನು ಸುಮ್ಮನೆ ಎತ್ತಿ ಕಿವಿಯ ಬಳಿ ಅಲುಗಿಸಿದ್ದಳು, ಮದುವೆಯ ಹೊಸತರಲ್ಲಿ ಅವನು ಹಾಗೆ ಕೇಳಿಸುತ್ತಿದ್ದ, ಕೇಳು ಕೇಳು, ಒಳಗೆ ಮಳೆ ಬರ್ತಿದೆ — ನಿಜ, ಮದ್ದಿನ ಕಾಳು ಸರಿದಾಡಿ ದೂರದ ಮಳೆ, ಎರಡನೆಯದರಲ್ಲೂ ಮಳೆ, ಮೂರನೆಯದರಲ್ಲೂ, ಆಟಕ್ಕೆಂದು ಅಲುಗಿಸುತ್ತ ಹೋದವಳಿಗೆ ಹನ್ನೊಂದನೆಯದರಲ್ಲಿ ಏನೂ ಕೇಳಲಿಲ್ಲ. ಇನ್ನೊಂದು ಕಿವಿಗೆ ಹಿಡಿದಳು. ಇಲ್ಲ. ಮದ್ದಿಲ್ಲದ ತೋಟಾ, ಅವನೇ ಎಷ್ಟು ಸಲ ಹೇಳಿಲ್ಲ, ಕೇಪು ಮಾತ್ರ ಸಿಡಿದು ಗುಂಡು ನಳಿಗೆಯ ಅರ್ಧಕ್ಕೆ ಹೋಗಿ ಸಿಕ್ಕಿಕೊಳ್ಳುತ್ತೆ, ಗೊತ್ತಾಗದೆ ಇನ್ನೊಂದು ಈಡು ಹೊಡೆದ್ರೆ ಮುಗೀತು, ಕೋವಿ ಮುಖದ ಹತ್ರಾನೇ ಒಡೆಯುತ್ತೆ — ಮುಖ, ಮಾರ್ಲಿಸಳ ಮುಖ, ಕೆನ್ನೆಯನ್ನು ಕೋವಿಗೆ ಒತ್ತಿ ಒಂದು ಕಣ್ಣು ಮುಚ್ಚುವ ಮುಖ. ಅವತ್ತೇ ಹೇಳಬೇಕಿತ್ತು. ಹೇಳಲು ಹೋದಳು, ಅವನು ಎಚ್ಚರಾಗಿ ಕೂತು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ತರುತ್ತಿದ್ದ, ಅರ್ಧ ಅಂಗಿಯ ಮೇಲೆ, ನೋಡ್ಬೇಡ ಆ ಕಡೆ ತಿರುಗು ಅಂದ, ತಿರುಗಿದಳು, ಹೇಳದೆ ಒರೆಸುವ ಬಟ್ಟೆ ಹುಡುಕಿದಳು. ಏಪ್ರಿಲಿನಲ್ಲಿ ಇನ್ನು ಓಡಿಸಲಾರೆನೆಂದು ಟ್ರಕ್ಕಿನ ಬೀಗದಕೈಯನ್ನು ತಾನಾಗಿ ಮೇಜಿನ ಮೇಲಿಟ್ಟು ಮೂರು ವಾರ ಯಾರೊಂದಿಗೂ ಮಾತಾಡಲಿಲ್ಲ, ಆಮೇಲೆ ಗಡ್ಡ ಹೆರೆಯುವ ಕೆಲಸ ಇವಳಿಗೆ ಬಂತು, ಆಮೇಲೆ ಅಂಗಿಯ ಗುಂಡಿ ಹಾಕುವುದು, ಇನ್ನು ಉಳಿದದ್ದು ಇದೊಂದೇ ಯಂತ್ರ, ಇದನ್ನೂ ಕಿತ್ತುಕೋ ಎಂದು ಯಾವ ಬಾಯಲ್ಲಿ ಹೇಳುವುದು. ಆ ತೋಟಾಕ್ಕೆ ಕೆಂಪು ದಾರ ಸುತ್ತಿ ಗುಂಡಿಗಳ ಡಬ್ಬಿಯಲ್ಲಿ ಬಚ್ಚಿಟ್ಟಳು. ಮಂಗಳವಾರ ಅವನು ಕ್ಷೌರಕ್ಕೆ ಹೋದಾಗ, ಬಿಡಿಭಾಗಗಳೆಲ್ಲ ವೃತ್ತಪತ್ರಿಕೆಯ ಮೇಲೆ ಸಾಲಾಗಿ ಮಲಗಿದ್ದಾಗ, ಗಾಲಿಯ ಅಡಿ ಕೂರುವ ಉಕ್ಕಿನ ಗೋಲಿಯನ್ನೂ ಅದರ ಸ್ಪ್ರಿಂಗನ್ನೂ ಎತ್ತಿ ಅದೇ ಡಬ್ಬಿಗೆ ಹಾಕಿದಳು, ಮೆಣಸುಕಾಳಿನಷ್ಟು ಉಕ್ಕು, ಅದಿಲ್ಲದಿದ್ದರೆ ಗಾಲಿ ನಿಲ್ಲಬೇಕಾದ ಜಾಗದಲ್ಲಿ ನಿಲ್ಲುವುದಿಲ್ಲ, ಯಂತ್ರ ಕೆಟ್ಟಿತೆಂದು ತಾನೇ ಕೈಬಿಡುತ್ತಾನೆ, ಯಾರೂ ಹೇಳಬೇಕಾಗಿಲ್ಲ, ಯಾರ ಮನಸ್ಸೂ ನೋಯುವುದಿಲ್ಲ, ಅಂದುಕೊಂಡಿದ್ದಳು.

ಕಾಫಿ ಹಿಡಿದು ಇಳಿದಳು, ಲೋಟದ ಅರ್ಧಕ್ಕೆ ಮಾತ್ರ ಹೊಯ್ದದ್ದು, ಮೆಟ್ಟಿಲ ಮೇಲೆ ಒಂದು ಕ್ಷಣ ಅವನು ಕಾಣಲೇ ಇಲ್ಲ, ಕಿಟಕಿಯ ಸೀಳಿನಿಂದ ಬಿದ್ದ ಬಿಸಿಲಕೋಲು, ಅದರೊಳಗೆ ಧೂಳು ಮೀನುಮರಿಗಳಂತೆ, ಪ್ರೆಸ್ಸಿನ ಮೈ ಒರೆಸಿ ಒರೆಸಿ ಮಗುವಿನ ನೆತ್ತಿಯಂತೆ ಹೊಳೆಯುತ್ತಿದೆ, ಅವನೆಲ್ಲಿ — ನೆಲದ ಮೇಲೆ. ಮಂಡಿಯೂರಿ, ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಮೇಜಿನ ಕಾಲುಗಳ ಮಧ್ಯೆ ಎಳೆಯುತ್ತಿದ್ದಾನೆ, ದಾರ ನಡುಗಿ ಅಯಸ್ಕಾಂತ ನೆಲಕ್ಕೆ ಕುಟುಕುತ್ತಿದೆ, ಪ್ಯಾಂಟಿನ ಮಂಡಿಯೆಲ್ಲ ಧೂಳು. ಏಳು ಮಾರಾಯ, ಮಂಡಿ ಹಿಡ್ಕೊಳ್ಳುತ್ತೆ ಅಂದಳು. ಇಲ್ಲೇ ಎಲ್ಲೋ ಬಿದ್ದಿದೆ ಕಣೇ, ಒಲೆ ಕೆಳಗೂ ನೋಡ್ದೆ, ನಿನ್ನ ಉಪ್ಪಿನಕಾಯಿ ಬಾಟ್ಲಿ ಹಿಂದೇನೂ ನೋಡ್ದೆ, ಸೋಮವಾರ ನಾನೇ ಬಿಚ್ಚಿ ಇಲ್ಲೇ ಇಟ್ಟಿದ್ದೆ, ಇಟ್ಟಿದ್ದು ನೆನಪಿದೆ — ನೆನಪಿದೆ ಅನ್ಕೊಂಡಿದೀನಿ. ಹೋಗ್ಲಿ ಬಿಡು, ಬೇರೆ ತರ್ಸಿದ್ರಾಯ್ತು. ಅವನು ಮೇಜಿನ ಅಂಚು ಹಿಡಿದು ಎದ್ದ, ಎರಡು ಸಲ ಕೂತು ಮೂರನೆಯದಕ್ಕೆ ಎದ್ದ, ಸಹಾಯಕ್ಕೆ ಹೋಗಬಾರದು, ಹೋಗಲಿಲ್ಲ. ಗೋಲಿ ಅಲ್ಲ ವೆಲ್ಡಾ ವಿಷ್ಯ, ಅಂದ, ಗೋಲಿ ಬೀಳ್ಸಿದ್ದು ಗೊತ್ತಾಗ್ಲಿಲ್ಲ ನಂಗೆ, ಬಿದ್ದಿದ್ದೂ ಗೊತ್ತಾಗ್ಲಿಲ್ಲ ಅಂದ್ರೆ ಕೈ ಒಂದೇ ಅಲ್ಲ, ತಲೇನೂ ಹೋಯ್ತು ಅಂತ ಲೆಕ್ಕ, ಮಾರ್ಲಿಸ್‌ಗೆ ಫೋನ್ ಮಾಡಿ ಈ ಸಲ ಅಂಗಡಿ ತೋಟಾನೇ ತಗೋ ಅಂತೀನಿ. ಇದೇ ಮಾತು, ಇದೇ ತಾನೇ ಅವಳಿಗೆ ಬೇಕಿದ್ದದ್ದು, ಬಂತಲ್ಲ, ಗೆದ್ದೆಯಲ್ಲ, ಕೈ ಹೋಗಿದ್ದವನ ತಲೆಯನ್ನೂ ಅವನಿಂದಲೇ ಕಸಿದುಕೊಂಡಿದ್ದಾಳೆ, ಕಳ್ಳಿ, ತಿರುಗಿ ಮೆಟ್ಟಿಲು ಹತ್ತಿದಳು, ಎಲ್ಲಿಗ್ಹೋದೆ ಕಾಫಿ ಕೊಟ್ಟು ಹೋಗೇ ಎಂದು ಅವನು ಕೂಗುತ್ತಿದ್ದ, ಗುಂಡಿಯ ಡಬ್ಬಿ, ನೀಲಿ ಗುಂಡಿ, ಮೂಳೆ ಗುಂಡಿ, ಮಾರ್ಲಿಸಳ ಶಾಲೆಯ ಕೋಟಿನ ಹಿತ್ತಾಳೆ ಗುಂಡಿ, ಬೆರಳಿಗೆ ಗೋಲಿ ತಣ್ಣಗೆ ಸಿಕ್ಕಿತು.

ಕೆಳಗಿಳಿದು ಅಂಗೈ ಬಿಚ್ಚಿ ತೋರಿಸಿದಳು, ಗೋಲಿ, ಸ್ಪ್ರಿಂಗು, ಕೆಂಪು ದಾರದ ತೋಟಾ. ನಾನೇ ತಗೊಂಡಿದ್ದು, ನೀನು ಬೀಳ್ಸಿಲ್ಲ, ಸರಿಯಾಗೇ ಇಟ್ಟಿದ್ದೆ, ನಾನೇ. ಅವನು ಗೋಲಿಯನ್ನು ನೋಡಲಿಲ್ಲ, ತೋಟಾವನ್ನೇ ಎತ್ತಿಕೊಂಡ, ದಾರ ಬಿಚ್ಚಲಾಗದೆ ಹಾಗೆಯೇ ಕಿವಿಗೆ ಹಿಡಿದ, ಅಲುಗಿಸುವ ಅಗತ್ಯವೇ ಇರಲಿಲ್ಲ, ಕೈ ತಾನೇ ಅಲುಗಿಸುತ್ತಿತ್ತು, ಕಣ್ಣು ಮುಚ್ಚಿ ಕೇಳಿದ, ಬಹಳ ಹೊತ್ತು ಕೇಳಿದ, ಹೊರಗೆ ಒಂದು ಗೋಧಿ ಲಾರಿ ಹೋಯಿತು, ಹೋಗಿ ಮುಗಿದ ಮೇಲೂ ಕೇಳಿದ. ಯಾರ ಪೆಟ್ಟಿಗೇದು. ಮಾರ್ಲಿಸ್‌ದು. ಯಾವಾಗ. ಸೆಪ್ಟೆಂಬರ್. ಮಿಕ್ಕಿದ್ದು. ಒಂದೊಂದೂ ನೋಡ್ದೆ, ಮಿಕ್ಕಿದ್ದೆಲ್ಲ ಸರಿ ಇದೆ. ಮೂರು ದಿನ ನೆಲ ನೆಕ್ಕಿದೀನಲ್ಲೇ, ಅಂದ, ಮೂರು ದಿನ, ನೀನು ಮೇಲೆ ಕೂತು ಈರುಳ್ಳಿ ಹೆಚ್ತಿದ್ದೆ. ಬೈದುಬಿಡೋ ಆರಿನ್, ಬಾಯ್ತುಂಬ ಬೈದುಬಿಡು. ಬೈತೀನಿ, ಬಿಡ್ತೀನಾ, ಇವತ್ತು ರಾತ್ರಿ ಊಟಕ್ಕೆ ಮುಂಚೆ ಬೈತೀನಿ — ಹೇಳಿದ್ರೆ ಆಗ್ತಿರ್ಲಿಲ್ವ, ಇಂತಿಂಥದು ಆಗಿದೆ ಅಂತ, ನಾನೇನು ನಿನ್ನ ತಿಂದುಬಿಡ್ತಿದ್ನಾ. ಟ್ರಕ್ಕಿನ ಮೂರು ವಾರ ಇಬ್ಬರ ನಡುವೆ ಬಂದು ನಿಂತಿತು, ಅವನಿಗೂ ಕಂಡಿರಬೇಕು, ಗಡ್ಡ ಕೆರೆದುಕೊಂಡ, ಇವಳೇ ಬೆಳಿಗ್ಗೆ ಹೆರೆದ ಗಡ್ಡ. ಆ ಗ್ರೀಸ್ ಡಬ್ಬ ತಾ, ಅಂದ, ಕನ್ನಡಕ ಹಾಕ್ಕೊ, ಮೊದ್ಲು ಸ್ಪ್ರಿಂಗು, ಆಮೇಲೆ ಗೋಲಿ, ಬೆರಳಿಗೆ ಒಂಚೂರು ಗ್ರೀಸ್ ಮಾಡ್ಕೊಂಡ್ರೆ ಗೋಲಿ ಅಂಟ್ಕೊಂಡು ಬರುತ್ತೆ, ಅಷ್ಟೊಂದಲ್ಲ ಮಾರಾಯ್ತಿ, ನೀನೇನು ರೊಟ್ಟಿಗೆ ಬೆಣ್ಣೆ ಹಚ್ತಿದೀಯಾ. ಸ್ಪ್ರಿಂಗು ಕೂತಿತು, ಗೋಲಿ ಕೂತಿತು, ಗಾಲಿಯನ್ನು ಅದರ ಮೇಲಿಟ್ಟು ನಡುವಿನ ಬೋಲ್ಟು ತಿರುವಿದಳು, ಸಾಕು, ಇನ್ನು ಕಾಲು ಸುತ್ತು ಹಿಂದೆ, ತಿರುಗ್ಬೇಕು ಆದ್ರೆ ಅಲ್ಲಾಡ್ಬಾರ್ದು, ಹೂಂ, ಈಗ ತಿರುಗ್ಸು — ಟಿಕ್. ಇಷ್ಟು ವರ್ಷ ಮೇಲಿನಿಂದ ಕೇಳಿದ್ದು, ಈಗ ಬೆರಳಿನ ಒಳಗೇ ಆಯಿತು. ಇನ್ಮೇಲೆ ನೀನೇ ತುಂಬು, ಅಂದ, ಮದ್ದು ಹಾಕಿದ ಮೇಲೆ ಪ್ರತಿ ಚಿಪ್ಪಿನೊಳಗೂ ಬಗ್ಗಿ ನೋಡು, ನೋಡ್ದೆ ಅಂತ ಬಾಯ್ಬಿಟ್ಟು ಹೇಳು, ಹೇಳೋ ತನಕ ಗುಂಡು ಕೂರಿಸ್ಬೇಡ, ನಾನಿಲ್ಲೇ ಕೂತಿರ್ತೀನಿ. ಗೋಡೆಯ ಬಳಿಯ ಸ್ಟೂಲಿಗೆ ಹೋಗಿ ಕೂತ. ಅವಳು ಅವನ ಜಾಗದಲ್ಲಿ ನಿಂತಳು, ಹಿಡಿಕೆಯ ಮರದ ಗುಬಟು ಅವನ ಅಂಗೈಯ ಅಚ್ಚಿಗೆ ಸವೆದಿತ್ತು, ಇವಳ ಅಂಗೈ ಅದರಲ್ಲಿ ಸಣ್ಣದಾಯಿತು, ಮೆಲ್ಲಗೆ ಎಳೆ, ಜಗ್ಬೇಡ, ಟಿಕ್, ಮದ್ದು ಬಿತ್ತು, ಬಗ್ಗಿ ನೋಡಿದಳು, ಕರಿಯ ಕಾಳು ಚಿಪ್ಪಿನ ಕತ್ತಿನ ಕೆಳಗೆ ಸಮನಾಗಿ ನಿಂತಿತ್ತು, ನೋಡ್ದೆ ಅಂದಳು, ಹೂಂ ಅಂದ, ಆ ಹೂಂ ಒಂದು ತರಹ ಇತ್ತು, ತಿರುಗಿ ನೋಡಿದಳು. ಅವನು ತನ್ನೆರಡು ಕೈಗಳನ್ನೂ ತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಕೂತಿದ್ದ. ಮುಟ್ಟಬೇಡ ಎಂದು ಮೇಷ್ಟ್ರು ಗದರಿಸಿದ ಮಗು ಕೂರುವ ಹಾಗೆ. ಭುಜ ನಡುಗುತ್ತಿದೆ, ಮೊಣಕೈ ನಡುಗುತ್ತಿದೆ, ಅವು ಎದ್ದು ಹಿಡಿಕೆಗೆ ಓಡಿ ಬರದಿರಲೆಂದು ಇಡೀ ಮೈಯ ಭಾರ ಹಾಕಿ ಕೂತಿದ್ದಾನೆ. ಮುಂದಿಂದು ತಗೋ, ನನ್ನೇನು ನೋಡ್ತೀಯಾ ಅಂದ. ಗುಂಡು ಕೂರಿಸಿದಳು, ಮುಂದಿನ ಚಿಪ್ಪು ತೆಗೆದಳು, ಶನಿವಾರ ಮಾರ್ಲಿಸ್ ಬರುತ್ತಾಳೆ, ಮುಚ್ಚಳದ ಮೇಲೆ ಹೆಸರು ಯಾರು ಬರೆಯುವುದು, ಅವನೇ ಬರೆಯಲಿ, ಈರುಳ್ಳಿ ಕತ್ತರಿಸಿ ಹಾಗೇ ಬಿಟ್ಟಿದ್ದೇನೆ, ಒಲೆ ಹಚ್ಚಿರಲಿಲ್ಲ ತಾನೇ — ತೊಡೆಯ ಕೆಳಗೆ ಎರಡು ಕೈ — ಮದ್ದು ಬಿತ್ತು, ಬಗ್ಗಿದಳು, ಕಾಳು ಮಸುಕಾಗಿ ಕಂಡಿತು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಬಗ್ಗಿದಳು, ನೋಡ್ದೆ ಅನ್ನಬೇಕು, ಅಂದರೆ ತಾನೇ ಅವನು ಹೂಂ ಅನ್ನುವುದು, ನೋಡ್ದೆ — ತೊಡೆಯ ಕೆಳಗೆ, ಎರಡು ಕೈ.