ಹಿಂಬಾಗಿಲಿನ ಪ್ರಾರ್ಥನೆ

ಸಾಹುಕಾರರು ಬಲು ದೈವಭಕ್ತರು. ಬಟ್ಟೆ ಹೊಲಿಯುವ ತಮ್ಮ ಕಾರ್ಖಾನೆಯ ಹಿಂಬಾಗಿಲ ಮೇಲೆ ಚಿನ್ನದ ಬಣ್ಣದಲ್ಲಿ 'ನ್ಯಾಯ, ಕರುಣೆ' ಎಂದು ಬರೆಸಿದ್ದರು. ಅದರ ಕೆಳಗೆ ಅಂಗೈಯಗಲದ ಬೀಗ. ಹೆಂಗಸರು ತುಂಡು ಬಟ್ಟೆ ಕದ್ದು ಹಿಂದಿನಿಂದ ಸಾಗಿಸಿಬಿಟ್ಟರೆ? ಕರುಣೆ ಎಷ್ಟಾದರೂ ಇರಲಿ, ಬಟ್ಟೆ ಹೋಗಬಾರದಲ್ಲ!

ಹೋದ ವಾರ ವೈರಿನಿಂದ ಕಿಡಿ ಹಾರಿ ಚಿಂದಿಯ ರಾಶಿ ಹತ್ತಿಕೊಂಡಿತು. ಹೊಗೆ ಎದ್ದದ್ದೇ ತಡ, ಹೆಂಗಸರೆಲ್ಲ ಮುಂದಿನ ಇಕ್ಕಟ್ಟು ಮೆಟ್ಟಿಲಿಗೆ ನುಗ್ಗಿದರು. ಅಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವ ಇಸ್ತ್ರಿ ಅಕ್ಕನ ನಾದಿನಿ ಗುಂಡಿ ಹೊಲಿಯುವವಳು, ತುಂಬು ಬಸುರಿ, ಕೂರುವುದು ಹಿಂಬಾಗಿಲ ಪಕ್ಕದಲ್ಲೇ. ಪಾಪ, ಆ ಬಾಗಿಲು ಬಡಿದು ಬಡಿದು ಸೋತು ಮುಂದಕ್ಕೆ ಓಡಿದಳು. ಮೆಟ್ಟಿಲಲ್ಲಿ ಬಿದ್ದಳು. ಮೇಲೆ ಎಷ್ಟು ಕಾಲು ಹಾದುಹೋದವೋ, ಕೈ ಮುರಿಯಿತು. ನೀರೆರಚಿ ಬೆಂಕಿ ಆರಿಸಿದರು.

ಸಾಹುಕಾರರು ಹಣ್ಣು ಹಿಡಿದು ಅತ್ತಿಗೆ-ನಾದಿನಿಯರ ಮನೆಗೇ ಬಂದರು.

"ದೇವರು ದೊಡ್ಡವನು ಕಣಮ್ಮ. ಒಂದು ಥಾನು ಬಟ್ಟೆಯೂ ಸುಡಲಿಲ್ಲ ನೋಡು."

"ಇವಳ ಕೈ ಮುರೀತಲ್ಲ ಸಾಹುಕಾರ್ರೇ," ಎಂದಳು ಇಸ್ತ್ರಿ ಅಕ್ಕ. "ಆ ಹಿಂದಿನ ಬಾಗಿಲು ತೆಗೆಸಿಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಪ್ರಾರ್ಥನೆ ಮಾಡು. ದೇವರು ದಾರಿ ತೋರಿಸ್ತಾನೆ."

ತಂದ ಹಣ್ಣಿನಲ್ಲಿ ತಾವೂ ಒಂದು ತಿಂದು ಹೊರಟರು. ನಾದಿನಿಯನ್ನು ಕೆಲಸದಿಂದ ತೆಗೆಯಲಿಲ್ಲ, ದೊಡ್ಡ ಮನಸ್ಸು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದವಳನ್ನು ಇನ್ನೊಂದು ಕೈಯಲ್ಲಿ ಗುಂಡಿ ಆರಿಸಲು ಹಾಕಿದರು. ಅದೇ ಬಾಗಿಲು, ಅದೇ ಜಾಗ.

ಸರಕು ಉಳಿದದ್ದಕ್ಕೆ ಕಾರ್ಖಾನೆಯಲ್ಲೇ ಕೃತಜ್ಞತೆಯ ಪ್ರಾರ್ಥನೆ ಏರ್ಪಾಡಾಯಿತು. ಪಾಸ್ಟರ್ ಬಂದರು. ಹೊರಗೆ ಸರಕಿಗಾಗಿ ಲಾರಿ ಕಾಯುತ್ತಿತ್ತು.

"ಇಸ್ತ್ರಿ ಅಕ್ಕ, ನಿನ್ನ ನಾದಿನಿ ಬದುಕಿಕೊಂಡಳಲ್ಲ, ನೀನೇ ಪ್ರಾರ್ಥನೆ ಮಾಡು," ಎಂದರು ಸಾಹುಕಾರರು. "ಉದ್ದ ಬೇಡ."

ಅವಳು ಕಣ್ಣು ಮುಚ್ಚಿದಳು. ಎಲ್ಲರೂ ತಲೆ ಬಗ್ಗಿಸಿದರು.

"ಕರ್ತನೇ, ನಿನಗೆ ಸ್ತೋತ್ರ. ದಾರಿ ತೋರಿಸು ಅಂತ ಕೇಳ್ಕೋ ಅಂದ್ರು ಇವರು. ನೀನು ಯಾವತ್ತೋ ತೋರಿಸಿದ್ದೀಯಪ್ಪ. ನನ್ನ ನಾದಿನಿ ಬೆನ್ನ ಹಿಂದೇನೇ ಇದೆ. ಬೀಗ ಜಡಿದಿರೋರು ಇವರು."

"ಸ್ತೋತ್ರ!" ಎಂದರು ಹಿಂದಿನಿಂದ ಯಾರೋ. ಸಾಹುಕಾರರು ಕೆಮ್ಮಿದರು.

"ಥಾನು ಉಳೀತು ಅಂತ ನಿನ್ನ ಹೊಗಳ್ತಾರೆ. ಸುಟ್ಟಿದ್ರೆ ಮತ್ತೆ ನೇಯಬಹುದಿತ್ತು. ಇವಳ ಹೊಟ್ಟೇಲಿರೋ ಕೂಸನ್ನ ಯಾರು ನೇಯ್ತಾರೆ ತಂದೇ?"

"ಆಮೆನ್!" ಎಂದು ಸಾಹುಕಾರರು ಗಟ್ಟಿಯಾಗಿ ಕೂಗಿ ಕಣ್ಣು ಬಿಟ್ಟರು.

ಯಾರೂ ಆಮೆನ್ ಎನ್ನಲಿಲ್ಲ. ಒಂದು ತಲೆಯೂ ಏಳಲಿಲ್ಲ. ಪ್ರಾರ್ಥನೆ ಮುಗಿಯದೆ ಅಲುಗಾಡಬಾರದು ಅಂತ ಗದರಿ ಗದರಿ ಕಲಿಸಿದವರು ಅವರೇ. ಹೆಂಗಸರು ಚೆನ್ನಾಗಿಯೇ ಕಲಿತಿದ್ದರು.

"ಲಾರಿ ಕಾಯ್ತಿದೆ, ಏಳ್ರಮ್ಮ!"

"ಅತ್ತಿಗೆ ಪ್ರಾರ್ಥನೆ ಇನ್ನೂ ಮುಗಿದಿಲ್ಲ ಸಾಹುಕಾರ್ರೇ," ಎಂದಳು ನಾದಿನಿ, ಕಣ್ಣು ಮುಚ್ಚಿಕೊಂಡೇ.

ಲಾರಿಯವನು ಹಾರ್ನ್ ಹೊಡೆದ. ಮತ್ತೆ ಹೊಡೆದ. ಸಾಹುಕಾರರ ಮನೆಯಲ್ಲೇ ಹೊಟ್ಟೆ ತುಂಬ ಉಂಡು ಬಂದಿದ್ದ ಪಾಸ್ಟರು ಒಂದು ಕಣ್ಣು ತೆರೆದು ನೋಡಿದರು.

"ತೆಗೆದುಬಿಡಿ ಸಹೋದರರೇ. ಒಂದು ಬೀಗ ತಾನೇ."

ಸಾಹುಕಾರರು ಬೀಗದ ಕೈಗಳ ಗೊಂಚಲು ತೆಗೆದರು. ಒಂದು ಹಾಕಿದರು, ತಿರುಗಲಿಲ್ಲ. ಇನ್ನೊಂದು, ಅದೂ ಇಲ್ಲ. ಹಣೆ ಒರೆಸಿಕೊಂಡರು.

"ಇದರದ್ದು... ಹೋದ ವರ್ಷವೇ ಎಲ್ಲೋ ಕಳೆದುಹೋಯ್ತು."

ಆಗ ತಲೆಗಳು ಎದ್ದವು. ಹಾಗಾದರೆ ಅವತ್ತು ನಾದಿನಿ ಎಷ್ಟು ಬಡಿದುಕೊಂಡಿದ್ದರೂ, ಈ ಮನುಷ್ಯನೇ ಓಡಿ ಬಂದಿದ್ದರೂ, ತೆಗೆಯಲು ಬೀಗದ ಕೈಯೇ ಇರಲಿಲ್ಲ! ಅಯ್ಯೋ, ಇವರ ಭಕ್ತಿಗಿಷ್ಟು ಬೆಂಕಿ ಬೀಳ ಎಂದುಕೊಂಡಳು ಇಸ್ತ್ರಿ ಅಕ್ಕ.

ಆರಿದ್ದ ಇಸ್ತ್ರಿಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಡೆದಳು.

"ಏ, ಏ! ಬಾಗಿಲು ಹಾಳಾಗುತ್ತೆ!"

ಬೀಗಕ್ಕೆ ಬಿಟ್ಟಳು ಒಂದು. ಅವಳು ಸುಸ್ತಾದಾಗ ಬಟ್ಟೆ ಕತ್ತರಿಸುವವಳು ಪೆಟ್ಟಿಗೆ ಇಸಿದುಕೊಂಡಳು, ಆಮೇಲೆ ಗುಂಡಿ ತೂರಿಸುವ ಕಾಜ ಹೊಲಿಯುವವಳು. ಬೀಗ ಬಿತ್ತು. ತುಕ್ಕು ಹಿಡಿದ ಬಾಗಿಲಿಗೆ ಎಲ್ಲರೂ ಭುಜ ಕೊಟ್ಟರು. ಕಿರ್ರೆಂದು ತೆರೆಯಿತು. ಮೊದಲು ನಾದಿನಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೊರಗೆ ಹೋಗಿ ಬಿಸಿಲಲ್ಲಿ ನಿಂತಳು.

"ಬೀಗ ಒಡೆದೋರು ಯಾರು?" ಸಾಹುಕಾರರು ಅಬ್ಬರಿಸಿದರು. "ಈಗಲೇ ಮನೆಗೆ ಕಳಿಸ್ತೀನಿ!"

"ನಾನು," ಎಂದಳು ಇಸ್ತ್ರಿ ಅಕ್ಕ.

"ನಾನೂ," ಎಂದಳು ಕತ್ತರಿಸುವವಳು. "ನಾನೂ," "ನಾನೂ" ಎಂದು ಸಾಲುಸಾಲಾಗಿ ಮುಂದೆ ಬಂದರು.

ಕಸ ಗುಡಿಸುವ ಅಜ್ಜಿಗೆ ಆ ನೂಕುನುಗ್ಗಲಲ್ಲಿ ಜಾಗವೇ ಸಿಕ್ಕಿರಲಿಲ್ಲ. ಅವಳು ಪೊರಕೆ ಹಿಡಿದೇ ಬಂದು, ಬಿದ್ದಿದ್ದ ಬೀಗಕ್ಕೆ ಕಾಲಲ್ಲೊಂದು ಒದ್ದಳು.

"ನನ್ನನ್ನೂ ಸೇರಿಸ್ಕೊಳ್ಳಿ ಸಾಹುಕಾರ್ರೇ."