ಡೋರ್ತೆಯ ಬ್ರೇಕು

“ಈ ಬ್ರೇಕು ಯಾಕಪ್ಪಾ? ಕಿತ್ತುಹಾಕು,” ಎಂದು ಬ್ರಾಮ್ಸೆನ್ ಕಮ್ಮಾರನಿಗೆ ಹೇಳುತ್ತಾ, ಗಾಳಿಯಂತ್ರದ ಗೋಪುರದ ಬುಡದಲ್ಲಿದ್ದ ಅದರ ಸನ್ನೆಕೋಲನ್ನು ಬೂಟಿನ ತುದಿಯಿಂದ ಒದ್ದ.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಅಕ್ಟೋಬರಿನಲ್ಲಿ ರಾಜಧಾನಿ ಕೋಪನ್‌ಹೇಗನ್ನಿನಿಂದ ಜಟ್ಲಂಡಿನ ಹಳ್ಳಿಗೆ ಇಳಿದಿದ್ದ ವಿದ್ಯುತ್ ಕಂಪನಿಯ ಇಂಜಿನಿಯರು ಇವನು. ಗಾಳಿಯಂತ್ರವನ್ನು ಕಾಗದದ ಮೇಲೆ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ. ಮಾತು ಮಾತ್ರ ಗಾಳಿಗೆ ಬೀಸೋದು ಹೇಳಿಕೊಟ್ಟವನ ಹಾಗೆ. ಯಂತ್ರವನ್ನು ಕಂಪನಿಯ ಲೈನಿಗೆ ಜೋಡಿಸಲು ಇವನ ರುಜು ಬೇಕಿತ್ತು. ಅದಿಲ್ಲದಿದ್ದರೆ ಕಮ್ಮಾರ ಗ್ರಾವರ್ಸ್ ಮತ್ತು ಅವನ ಹೆಂಡತಿ ಡೋರ್ತೆ ಎರಡು ವರ್ಷ ಹೆಣಗಿ ನಿಲ್ಲಿಸಿದ್ದು ಕಾಗೆ ಕೂರುವುದಕ್ಕಷ್ಟೇ. ಡೈರಿಯ ಹಳೇ ಮೋಟಾರಿಗೆ ಅಡುಗೆಮನೆ ಮೇಜಿನ ಮೇಲೆ ಹೊಸ ತಾಮ್ರದ ತಂತಿ ಸುತ್ತಿ ಜನರೇಟರು ಮಾಡಿದವಳು ಡೋರ್ತೆ. ಬ್ರೇಕಿನ ಯೋಚನೆಯೂ ಅವಳದೇ.

“ಲೈನಲ್ಲಿ ಕರೆಂಟಿರೋವರೆಗೂ ಅದೇ ಜನರೇಟರಿನ ವೇಗ ಹಿಡಿದಿಟ್ಕೊಳ್ಳುತ್ತೆ ಸಾಹೇಬ್ರೇ,” ಎಂದಳು ಅವಳು. “ಕರೆಂಟು ಹೋದ್ರೆ ಹಿಡಿಯೋರು ಯಾರು?”

“ನಮ್ಮ ಲೈನಲ್ಲಿ ಕರೆಂಟು ಹೋಗಲ್ಲಮ್ಮ. ನೀನು ಒಲೆ ನೋಡ್ಕೋ ಹೋಗು.”

ಅವಳು ಹೋದಳು, ಒಲೆಯ ಕಡೆಗಲ್ಲ. ಪರೀಕ್ಷೆಗೆಂದು ಅವತ್ತೊಂದು ದಿನದ ಮಟ್ಟಿಗೆ ಲೈನಿಗೆ ಜೋಡಿಸಿದ್ದ ಯಂತ್ರದ ಮೇನ್ ಸ್ವಿಚ್ಚನ್ನು ಟಪ್ಪನೆ ಕೆಳಗೆಳೆದು ಕರೆಂಟು ತಪ್ಪಿಸಿದಳು.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ, ಅದುವರೆಗೆ ಒಂದೇ ಹದದಲ್ಲಿ ತಿರುಗುತ್ತಿದ್ದ ರೆಕ್ಕೆಗಳು ಊಳಿಡತೊಡಗಿದವು, ನೋಡನೋಡುತ್ತಾ ಕಣ್ಣಿಗೆ ಸಿಗದಷ್ಟು ಜೋರಾದವು. ಗೋಪುರ ಗಡಗಡ ನಡುಗಿತು. ಬ್ರಾಮ್ಸೆನ್ “ಅಯ್ಯಯ್ಯೋ!” ಎನ್ನುತ್ತಾ ಬೀಟ್‌ರೂಟ್ ಹೊಲದೊಳಕ್ಕೆ ಎದ್ದೆನೋ ಬಿದ್ದೆನೋ ಅಂತ ಓಡಿದ. ಡೋರ್ತೆ ಸನ್ನೆಕೋಲಿಗೆ ಜೋತುಬಿದ್ದಳು. ಬ್ರೇಕು ಕಿರುಗುಟ್ಟಿ ಕಚ್ಚಿತು, ರೆಕ್ಕೆಗಳು ನಿಂತವು.

ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಬಂದ ಮಹಾಶಯ ಅಡುಗೆಮನೆಯಲ್ಲಿ ಕೂತ. ಅರ್ಧ ಗಂಟೆಯಲ್ಲಿ ಮುಖಕ್ಕೆ ಬಣ್ಣ ಬಂತು, ಬಾಯಿಗೆ ಮಾತೂ ಬಂತು. ಗ್ರಾವರ್ಸ್ ಕಡೆ ತಿರುಗಿದ.

“ಬ್ರೇಕು ಇರಲಿ. ಆದ್ರೆ ಕಮ್ಮಾರನ ಹೆಂಡತಿ ಮಾಡಿದ್ದು ಅಂದ್ರೆ ಕಂಪನಿಯಲ್ಲಿ ನಗ್ತಾರೆ. ವಿನ್ಯಾಸ ನನ್ನದು ಅಂತ ಬರೀತೀನಿ. ಒಪ್ಪಿಗೆ ಅಂತ ನೀನು ಇಲ್ಲಿ ರುಜು ಹಾಕು, ನಾನು ಲೈನಿನ ಕಾಗದಕ್ಕೆ ಹಾಕ್ತೀನಿ.”

ಥೂ, ಅವನ ಜನ್ಮಕ್ಕಿಷ್ಟು! ಹೋಗಲಿ, ಅವನು ಹೊರಗಿನವನು. ಗ್ರಾವರ್ಸ್ ಏನು ಮಾಡಿದ? ಹೆಂಡತಿಯ ಮುಖ ನೋಡದೆ ಪೆನ್ನು ತಗೊಂಡ.

“ಯಂತ್ರ ತಿರುಗಿದ್ರೆ ಸಾಕಲ್ವೇನೇ ನಮಗೆ?” ಎಂದು ಗೊಣಗಿ ರುಜು ಗೀಚಿದ.

ಡೋರ್ತೆ ಕೆಟಲು ತಂದಳು. ಬ್ರಾಮ್ಸೆನ್ನನ ಬಟ್ಟಲಿಗೆ ಕಾಫಿ ಸುರಿದಳು, ತನ್ನದಕ್ಕೂ ಸುರಿದುಕೊಂಡಳು. ಗಂಡನ ಬಟ್ಟಲನ್ನು ಸಾಸರಿನ ಮೇಲೆ ಬೋರಲು ಹಾಕಿ, ಕೂತು, ಕುಡಿಯತೊಡಗಿದಳು.