ಅಕ್ಕನ ದವಡೆ ನೋವು

ಬಸ್ ಓಡಿಸುವವರಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಕಡ್ಡಾಯ. ಡಿಪೋ ಪಕ್ಕದ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಚಾಲಕನ ಬಿಪಿ ನೋಡಿದರು, ತೂಕ ನೋಡಿದರು, ಸಿಗರೇಟಿನ ಬಗ್ಗೆ ಕೇಳಿ ಒಂದು ಸುಳ್ಳನ್ನೂ ಕೇಳಿಸಿಕೊಂಡರು. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ, "ಮುಂದೆ ಹೃದಯಾಘಾತ ಆಗೋ ಸಂಭವ ಎಷ್ಟಿದೆ ಅಂತ ಇದು ಹೇಳುತ್ತೆ. ನಿಮ್ಮದು ಕಮ್ಮೀನೇ ಇದೆ. ಮಾತ್ರೆ ಬೇಡ ಬಿಡಿ," ಎಂದರು.

ಚಾಲಕ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ನಮ್ಮಮ್ಮ ಎದೆನೋವಲ್ಲೇ ಹೋದ್ರು ಅಂದ್ನಲ್ಲ, ಅದನ್ನೂ ಸೇರಿಸಿದೀರಾ?" ಎಂದ.

"ಹೂಂ, ಸೇರಿಸಿದೀನಿ."

"ಅಮ್ಮನ ಕಡೆಯವರು ಎಲ್ಲಾರೂ ಹಾಗೇ ಹೋಗಿದ್ದು. ಹೊಳೆಯಾಚೆಯವರು."

ಡಾಕ್ಟರಮ್ಮನ ಕೈ ನಿಂತಿತು. "ನಿಮ್ಮ ತಾಯಿ ಹೊಳೆಯಾಚೆಯವರಾ? ನಿಮ್ಮ ಮುಖ ನೋಡಿ ನಾನು ಊರಿನವರು ಅಂತ ಹಾಕ್ಬಿಟ್ಟಿದ್ದೆ."

ಅವರು ಒಂದೇ ಒಂದು ಕಡೆ ಬದಲಾಯಿಸಿದರು. ಪರದೆಯ ಮೇಲೆ ಹಸಿರಾಗಿದ್ದದ್ದು ಕೆಂಪಾಯಿತು.

ಹೊಳೆಯಾಚೆಯವರೆಂದರೆ ಎರಡು ತಲೆಮಾರಿನ ಹಿಂದೆ ರೈಲು ಹಳಿ ಹಾಕಲು ದೂರದಿಂದ ದೋಣಿಗಳಲ್ಲಿ ಬಂದವರು. ಹಳಿ ಮುಗಿದರೂ ವಾಪಸು ಹೋಗಲಿಲ್ಲ. ಹೊಳೆಯ ಆಚೆ ದಡದಲ್ಲಿ, ರೈಲು ಯಾರ್ಡಿಗೂ ಚರ್ಮದ ಕಾರ್ಖಾನೆಗೂ ನಡುವಿನ ಬೀದಿಗಳಲ್ಲಿ ಉಳಿದುಕೊಂಡರು. ಚಾಲಕನ ಅಪ್ಪ ಈ ದಡದವನು, ಅಮ್ಮ ಆ ದಡದವಳು. ಹುಟ್ಟಿದ ಇಬ್ಬರಲ್ಲಿ ಅಕ್ಕ ಅಮ್ಮನ ಬಣ್ಣ, ಅಮ್ಮನ ಗುಂಗುರು ಕೂದಲು ಹೊತ್ತು ಬಂದಳು. ತಮ್ಮನೋ ಅಪ್ಪನ ಪಡಿಯಚ್ಚು. ಅಕ್ಕ ಆಚೆಯೇ ಮದುವೆಯಾಗಿ ಆಚೆಯೇ ಉಳಿದಳು. ತಮ್ಮನಿಗೆ ಡಿಪೋದಲ್ಲಿ ಕೆಲಸ, ಈಚೆ ಮನೆ. ಅವನನ್ನು ಯಾರೂ ಏನೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

"ಅಲ್ಲ ಮೇಡಂ, ಇರೋದು ಒಂದೇ ಎದೆ. ಅದಕ್ಕೆ ಎರಡು ಉತ್ತರಾನಾ? ಹಾಗಾದ್ರೆ ನಮ್ಮ ರಕ್ತದಲ್ಲೇ ಏನೋ ದೋಷ ಇದೆ ಅಂತೀರಾ?"

"ರಕ್ತ ಅಂತ ನಾನು ಹೇಳಲ್ಲ. ಆಚೆ ದಡದಲ್ಲಿ ಹೊಗೆ ಜಾಸ್ತಿ, ಕೆಲಸ ಕಷ್ಟದ್ದು, ನಿದ್ದೆ ಕಮ್ಮಿ, ಆಸ್ಪತ್ರೆಗೆ ಬರೋದೂ ತಡ. ಅವರ ಮಾತು ಕೇಳಿಸ್ಕೊಳ್ಳೋರೂ ಕಮ್ಮಿ. ಅದೆಲ್ಲ ಸೇರಿ ಅವರಲ್ಲಿ ಹೃದಯದ ಕಾಯಿಲೆ ಜಾಸ್ತಿ. ಈ ಕಂಪ್ಯೂಟರ್ ಅದನ್ನೆಲ್ಲ ಬಿಡಿಸಿ ಕೇಳಲ್ಲ. ಯಾವ ಜನ ಅಂತ ಮಾತ್ರ ಕೇಳುತ್ತೆ."

"ಆದ್ರೆ ನಾನಿರೋದು ಈಚೆ."

"ಅದೇ," ಎಂದು ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ನಿಮ್ಮನ್ನ ಎಲ್ಲಿ ಸೇರಿಸಬೇಕು ಅಂತ ನಿಜವಾಗ್ಲೂ ನಂಗೂ ಗೊತ್ತಾಗ್ತಿಲ್ಲ. ನೀವೇ ಹೇಳಿ, ನೀವು ಯಾರು?"

ಅವನಿಗೆ ತಲೆಗೆ ಹುಳ ಬಿಟ್ಟ ಹಾಗಾಯಿತು. "ಅಕ್ಕನ್ನ ಕೇಳ್ಕೊಂಡು ಬರ್ತೀನಿ," ಎಂದುಬಿಟ್ಟ. ಹೇಳಿದ ಮೇಲೆ ಅವನಿಗೇ ನಗು ಬಂತು, ನಾಚಿಕೆಯೂ ಆಯಿತು.

ಮಧ್ಯಾಹ್ನ ಪಾಳಿ ಮುಗಿಸಿ, ಯೂನಿಫಾರ್ಮು ಕೂಡ ಬಿಚ್ಚದೆ ಸೇತುವೆ ದಾಟಿದ. ಆಚೆ ಕಾಲಿಡುತ್ತಲೇ ಗಂಟಲು ಕೆರೆಯತೊಡಗಿತು. ಅಲ್ಲಿ ಕಾಲುದಾರಿಯೆಂಬುದೇ ಇಲ್ಲ. ಲಾರಿ ಬಂದಾಗ ಗೋಡೆಗೆ ಹಲ್ಲಿಯಂತೆ ಅಂಟಿಕೊಂಡು ನಿಲ್ಲಬೇಕು. ಅಕ್ಕ ಇದ್ದದ್ದು ಮೂರನೇ ಮಹಡಿಯಲ್ಲಿ. ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಅವಳ ಕೆಲಸ. ಒದ್ದೆ ಹೊದಿಕೆಗಳನ್ನು ಯಂತ್ರದಿಂದೆತ್ತಿ ಇನ್ನೊಂದು ಯಂತ್ರಕ್ಕೆ ಹಾಕುವುದು, ದಿನವಿಡೀ ಅದೇ.

ಅವಳು ಮನೆಯೊಳಗೆ ಇರಲಿಲ್ಲ. ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ತರಕಾರಿ ಚೀಲ. ಹಣೆಯಿಂದ ಬೆವರು ಇಳಿಯುತ್ತಿತ್ತು.

"ಏನೋ ಗುಂಡಾ, ದಾರಿ ತಪ್ಪಿ ಬಂದ್ಯಾ?" ಎಂದಳು. ಮಾತು ಹಗುರವಾಗಿತ್ತು, ಮುಖ ಬೂದಿಯಾಗಿತ್ತು.

"ಇಲ್ಯಾಕೆ ಕೂತಿದೀಯಕ್ಕ?"

"ಸುಸ್ತು ಕಣೋ. ಈ ದವಡೆ ನೋವೊಂದು. ಹಲ್ಲು ಅಂದ್ಕೊಂಡೆ, ಹಲ್ಲಿನ ಡಾಕ್ಟ್ರು ಹಲ್ಲು ಗಟ್ಟಿಯಾಗಿದೆ ಅಂದ್ರು. ಬೀದಿ ಕೊನೆ ಕ್ಲಿನಿಕ್ಕಿಗೆ ಎರಡು ಸಲ ಹೋದೆ. ಮೊದಲ್ನೇ ಸಲ ಗ್ಯಾಸ್ ಅಂದ್ರು, ಎರಡನೇ ಸಲ ವಯಸ್ಸು ಅಂದ್ರು. ಬಾಟಲಿ ಔಷಧಿ ಕೊಟ್ಟಿದಾರೆ, ಕುಡೀತಿದೀನಿ."

"ಎದೆ ನೋವಿದ್ಯಾ?"

"ಎದೆ ಏನಿಲ್ಲ. ಬೆನ್ನಲ್ಲಿ, ಭುಜದ ಮಧ್ಯ ಯಾರೋ ಮಂಡಿ ಊರಿ ಕೂತ ಹಾಗಿದೆ."

ತಾನು ಯಾರೆಂದು ಕೇಳಲು ಬಂದದ್ದು ಅವನಿಗೆ ಮರೆತೇಹೋಯಿತು. ಎದೆಯೇ ನೋಯದಿದ್ದರೆ ಅದು ಹೃದಯದ ಕಾಯಿಲೆ ಹೇಗಾಗುತ್ತದೆ? ತಾನೇ ಸುಮ್ಮನೆ ಗಾಬರಿ ಬೀಳುತ್ತಿದ್ದೇನೋ ಏನೋ. ಆದರೂ ಅವಳ ಕೈ ಹಿಡಿದಾಗ ಮೀನು ಮುಟ್ಟಿದಷ್ಟು ತಣ್ಣಗಿತ್ತು. "ಏಳು, ಹೋಗೋಣ," ಎಂದ. ಅವಳು ತರಕಾರಿ ಬಾಡಿಹೋಗುತ್ತೆ ಎಂದು ಜಗಳ ತೆಗೆದಳು. ಚೀಲವನ್ನೂ ಅಕ್ಕನನ್ನೂ ಟ್ಯಾಕ್ಸಿಗೆ ಹತ್ತಿಸಿದ.

ಈಚೆ ದಡದ ದೊಡ್ಡಾಸ್ಪತ್ರೆಯ ಕೌಂಟರಿನ ಹುಡುಗಿ ಅಕ್ಕನನ್ನು ನೋಡಿ ದನಿ ಏರಿಸಿ, ಒಂದೊಂದೇ ಅಕ್ಷರ ಬಿಡಿಸಿ ಕೇಳಿದಳು: "ಏನಮ್ಮಾ? ನಿಂಗೆ ನಮ್ಮ ಭಾಷೆ ಬರುತ್ತಾ?"

"ನಿಮಗಿಂತ ಚೆನ್ನಾಗೇ ಬರುತ್ತೆ," ಎಂದಳು ಅಕ್ಕ. "ಈಗ ಉಸಿರು ಬರ್ತಿಲ್ಲ ಅಷ್ಟೇ."

ಹುಡುಗಿ ಅವನ ಕಡೆ ತಿರುಗಿದಳು. "ಸರ್, ಇವರನ್ನ ನಿಮ್ಮ ಬಸ್ಸಿಂದ ಕರ್ಕೊಂಡು ಬಂದ್ರಾ?"

"ನಮ್ಮಕ್ಕ ಇವ್ಳು!"

"ಸ್ವಂತ ಅಕ್ಕಾನಾ?"

ಅವನು ಏನೆಂದು ಕೂಗಿದನೋ ಆಮೇಲೆ ಅವನಿಗೇ ನೆನಪಾಗಲಿಲ್ಲ. ಗಾಲಿಕುರ್ಚಿ ಬಂತು, ನರ್ಸು ಬಂದಳು, ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆದರು. ಎಲ್ಲರೂ ಇದ್ದಕ್ಕಿದ್ದಂತೆ ಓಡತೊಡಗಿದರು. ಅವರನ್ನು ಓಡಿಸಿದ್ದು ತನ್ನ ಕೂಗೋ, ತನ್ನ ಯೂನಿಫಾರ್ಮೋ, ತನ್ನ ಮುಖವೋ, ಅಥವಾ ಆ ಕಾಗದದ ಮೇಲಿನ ಗೆರೆಗಳೋ ಎಂದು ತಿಳಿಯದೆ ಅವನು ತರಕಾರಿ ಚೀಲ ಹಿಡಿದು ಕಣ್ಣುಕಣ್ಣು ಬಿಡುತ್ತ ನಿಂತ.

ಸಂಜೆ ಹೃದಯದ ಡಾಕ್ಟರು ಹೊರಗೆ ಬಂದರು. "ರಕ್ತನಾಳ ಕಟ್ಟಿತ್ತು, ಸ್ಟೆಂಟ್ ಹಾಕಿದೀವಿ. ಉಳ್ಕೊಂಡ್ರು. ಆದ್ರೆ ಇದು ಮೊದಲ್ನೇ ಆಘಾತ ಅಲ್ಲ. ಕೆಲವು ವಾರದ ಹಿಂದೆ ಒಂದು ಆಗಿಹೋಗಿದೆ. ಆಗಲೇ ಬಂದಿದ್ರೆ ಹೃದಯದ ಶಕ್ತಿ ಇಷ್ಟು ಕುಂದ್ತಿರ್ಲಿಲ್ಲ."

"ಬಂದಿದ್ಲು ಸರ್," ಎಂದ ಅವನು. "ಅಲ್ಲಿನ ಕ್ಲಿನಿಕ್ಕಿಗೆ ಎರಡು ಸಲ ಹೋಗಿದ್ಲು."

ಡಾಕ್ಟರು ಅವನ ಭುಜ ತಟ್ಟಿ ಮುಂದೆ ಹೋದರು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಬೀದಿ ಕೊನೆಯ ಕ್ಲಿನಿಕ್ಕಿನವರ ಮುಂದೆ ಯಾವಾಗಲೂ ಸಂತೆಯಷ್ಟು ಜನ. ಅಕ್ಕನೋ ಸಾಯುವ ನೋವನ್ನೂ ತಮಾಷೆ ಮಾಡಿ ಹೇಳುವವಳು. ಹೊಗೆಯನ್ನು ಬೈಯೋಣವೆಂದರೆ ಅದಕ್ಕೆ ಕಿವಿಯಿಲ್ಲ.

ಮುಂದಿನ ವಾರ ಡಾಕ್ಟರಮ್ಮನ ಬಳಿ ಹೋಗಿ, "ಹೊಳೆಯಾಚೆಯವರು ಅಂತಾನೇ ಹಾಕಿ," ಎಂದ. ಮಾತ್ರೆ ಶುರುವಾಯಿತು. ಸಿಗರೇಟಿನ ವಿಷಯದಲ್ಲೂ ನಿಜ ಒಪ್ಪಿಕೊಂಡ. ಮನೆಗೆ ಬಂದಾಗ ಹೆಂಡತಿ, "ಹಾಗಾದ್ರೆ ನಮ್ಮ ಮಕ್ಕಳು ಯಾವ ಕಡೆಯವರು ಅಂತ ಹೇಳ್ಬೇಕು?" ಎಂದು ಕೇಳಿದಳು. ಅವನು ಮಾತ್ರೆ ನುಂಗಿ ನೀರು ಕುಡಿದ.

ಅಕ್ಕ ಲಾಂಡ್ರಿಗೆ ಮತ್ತೆ ಹೋಗುವಂತಿರಲಿಲ್ಲ. ಒದ್ದೆ ಬಟ್ಟೆ ಎತ್ತಲು ಆಗದವಳಿಗೆ ಅಲ್ಲಿ ಬೇರೆ ಕೆಲಸವಿಲ್ಲವೆಂದರು. ದಿನಾ ನಡೆಯಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. "ಲಾರಿ ಕೆಳಗೆ ನಡೀಲಾ?" ಎಂದು ಅವಳು ನಕ್ಕಳು. ಅದಕ್ಕೇ ದಿನಾ ಬಸ್ಸು ಹತ್ತಿ ತಮ್ಮನ ಬೀದಿಗೆ ಬರತೊಡಗಿದಳು. ಅಲ್ಲಿ ಅಗಲವಾದ ಕಾಲುದಾರಿ, ಎರಡೂ ಕಡೆ ಮರ, ನಡುನಡುವೆ ಕೂರಲು ಬೆಂಚು. ಅವನಿಗೆ ಪಾಳಿ ಇಲ್ಲದಾಗ ಇಬ್ಬರೂ ಒಟ್ಟಿಗೆ ನಡೆಯುತ್ತಿದ್ದರು.

ಒಂದು ಬೆಳಿಗ್ಗೆ ಅವನು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಹಿಂದೆ ಉಳಿದಿದ್ದ. ಗೇಟಿನ ಬಳಿ ಗಿಡಕ್ಕೆ ನೀರು ಹಾಕುತ್ತಿದ್ದ ಹೆಂಗಸು ಅಕ್ಕನನ್ನು ತಡೆದು ಕೇಳಿದರು. ದನಿಯಲ್ಲಿ ಕೆಡುಕೇನೂ ಇರಲಿಲ್ಲ. "ನೀನು ಯಾರ ಮನೇಲಿ ಕೆಲಸ ಮಾಡೋದು? ನಮ್ಮನೆಗೂ ಒಬ್ಬರು ಬೇಕಿತ್ತು."

"ಕೆಲಸ ಅಲ್ಲಮ್ಮ," ಎಂದಳು ಅಕ್ಕ. "ನಿಮ್ಮ ಬೀದಿ ಗಾಳಿ ಕುಡಿಯೋಕೆ ಬಂದಿದೀನಿ. ಡಾಕ್ಟ್ರು ಬರೆದುಕೊಟ್ಟಿದಾರೆ."

ಹೆಂಗಸು ತಬ್ಬಿಬ್ಬಾಗಿ ನಕ್ಕರು. ಅಷ್ಟರಲ್ಲಿ ತಮ್ಮನೂ ಹತ್ತಿರ ಬಂದ. ನಗಬೇಕೋ ರೇಗಬೇಕೋ ಅವನಿಗೆ ತಿಳಿಯಲಿಲ್ಲ. ಅಕ್ಕ ಅವನ ತೋಳು ಹಿಡಿದು ಎಳೆದಳು.

"ನಿಂತರೆ ಉಸಿರು ಕಟ್ಟುತ್ತೆ ಕಣೋ. ನಿಧಾನಕ್ಕೆ ನಡಿ."